ನಾಮದ ಕೋಳಿಯ ಕಪ್ಪು, ಕೆರೆಯ ಬೆಳಕು: ನೀರಹಕ್ಕಿಗಳ ಚಿತ್ರ ತೆಗೆಯುವ, ತಿದ್ದುವ ಬಗೆ

ಕೆರೆಯ ಹಕ್ಕಿಗಳಲ್ಲಿ ಸುಲಭವಾಗಿ ಸಿಗುವುದು ಹಣೆಯಲ್ಲಿ ಬಿಳಿ ನಾಮವಿರುವ ಕಪ್ಪು ಹಕ್ಕಿ, ನಾಮದ ಕೋಳಿ (ಕೂಟ್). ಚಿತ್ರದಲ್ಲಿ ಹೆಚ್ಚು ಕೆಡುವುದೂ ಅದೇ. ಮೈ ಬೂದಿ ಬಳಿದಂತೆ ಮಾಸಲಾಗಿ ಬರುತ್ತದೆ, ಹಣೆಯ ನಾಮ ಸುಣ್ಣ ಮೆತ್ತಿದ ಹಾಗೆ ಬರೀ ಬಿಳಿ ಚುಕ್ಕೆಯಾಗುತ್ತದೆ, ಕೆಂಪು ಕಣ್ಣು ಕಾಣುವುದೇ ಇಲ್ಲ. ಇದಕ್ಕೆ ಲೆನ್ಸನ್ನು ದೂರುವವರೇ ಹೆಚ್ಚು. ತಪ್ಪು ಬಹುಮಟ್ಟಿಗೆ ನೀರಿನ ಲೆಕ್ಕ ಹಿಡಿಯದಿರುವುದರಲ್ಲಿದೆ. ನೀರು ಕನ್ನಡಿ. ಅದು ಬೆಳಕಿನ ಅಳತೆ ತಪ್ಪಿಸುತ್ತದೆ, ಫೋಕಸ್ಸನ್ನು ತನ್ನ ಅಲೆಗಳ ಕಡೆ ಸೆಳೆಯುತ್ತದೆ, ತನ್ನ ಬಣ್ಣವನ್ನು ಹಕ್ಕಿಯ ಹೊಟ್ಟೆಗೆ ಬಳಿಯುತ್ತದೆ. ಚಿತ್ರ ತೆಗೆಯುವಾಗಲೂ ಆಮೇಲೆ ಕಂಪ್ಯೂಟರಿನಲ್ಲಿ ತಿದ್ದುವಾಗಲೂ ಎದುರಾಗುವುದು ಈ ಕನ್ನಡಿಯೇ.

ಸೊಲ್ಲಾಪುರ ಜಿಲ್ಲೆಯ ಕನ್ನಡಿಗರಿಗೆ ಕೆರೆಗಳಿಗೇನೂ ಕೊರತೆಯಿಲ್ಲ. ನಗರದ ನಡುವೆಯೇ ಸೊನ್ನಲಿಗೆಯ ಸಿದ್ಧರಾಮನ ಹೆಸರು ಹೊತ್ತ ಸಿದ್ಧೇಶ್ವರ ಕೆರೆ ಇದೆ. ಊರಂಚಿನಲ್ಲಿ ಕಂಬರ ತಲಾವ, ಸ್ವಲ್ಪ ಆಚೆ ಬ್ರಿಟಿಷರ ಕಾಲದ ಹಿಪ್ಪರಗಾ ಕೆರೆ, ಅಕ್ಕಲಕೋಟ ಕಡೆ ಬೋರಿ ನದಿಯ ಕುರನೂರ ಅಣೆಕಟ್ಟು, ಪಶ್ಚಿಮಕ್ಕೆ ಹೋದರೆ ಭೀಮೆಯ ಉಜನಿ ಹಿನ್ನೀರು. ನಾಮದ ಕೋಳಿ, ಚುಕ್ಕೆಕೊಕ್ಕಿನ ಬಾತಾದ ವರಟೆ, ನೀರಲ್ಲಿ ಮುಳುಗಿ ಏಳುವ ಪುಟ್ಟ ಗುಳುಮುಳುಕ ಇವು ಪರಿಚಿತ ಹಕ್ಕಿಗಳು. ಚಳಿಗಾಲಕ್ಕೆ ಸೂಜಿಬಾಲದ ಬಾತು, ಸಲಿಕೆಯಂಥ ಕೊಕ್ಕಿನ ಶವೆಲರ್, ಗಾರ್ಗನಿ ಎಂಬ ಪುಟ್ಟ ಬಾತು, ಕಿತ್ತಳೆ ಮೈಯ ಚಕ್ರವಾಕ, ಪಟ್ಟೆತಲೆ ಹೆಬ್ಬಾತು ಈ ಸೀಮೆಗೆ ಬರುತ್ತವೆ. ನಾಮದ ಕೋಳಿ ನಿಜಕ್ಕೆ ಬಾತಿನ ಕುಲದ್ದಲ್ಲ, ಜಂಬುಕೋಳಿಯ ನೆಂಟ. ಆದರೆ ಚಿತ್ರ ತೆಗೆಯುವ ಲೆಕ್ಕ ಎರಡಕ್ಕೂ ಒಂದೇ.

ಕ್ಯಾಮೆರಾ ಎಷ್ಟು ಎತ್ತರದಲ್ಲಿರಬೇಕು

ಎಲ್ಲಕ್ಕಿಂತ ಮೊದಲು ತೀರ್ಮಾನಿಸಬೇಕಾದದ್ದು ಇದು. ಹದಿನೈದು ಮೀಟರ್ ದೂರದಲ್ಲಿ ಒಂದು ವರಟೆ ಈಜುತ್ತಿದೆ ಎನ್ನಿ. ಅದರ ತಲೆ ನೀರಿನಿಂದ ಸುಮಾರು ಒಂದು ಗೇಣು, ಅಂದರೆ 20 ಸೆಂ.ಮೀ. ಮೇಲಿದೆ. ನಿಂತುಕೊಂಡು ತೆಗೆದರೆ ಕ್ಯಾಮೆರಾ 1.6 ಮೀಟರ್ ಎತ್ತರದಲ್ಲಿರುತ್ತದೆ. ಆ ಎತ್ತರದಿಂದ ತಲೆಯ ನೆತ್ತಿ ದಾಟಿ ಹೋದ ನೋಟದ ಗೆರೆ ಹಕ್ಕಿಯ ಹಿಂದೆ ಬರೀ ಎರಡು ಮೀಟರಿಗೆ ನೀರನ್ನು ಮುಟ್ಟುತ್ತದೆ. ಹಿನ್ನೆಲೆ ಹಕ್ಕಿಯ ಬೆನ್ನಿಗೇ ಅಂಟಿದಂತಿರುವುದರಿಂದ ಅಲ್ಲಿನ ಅಲೆ, ನೊರೆ, ಪಾಚಿ ಎಲ್ಲವೂ ಅರೆಬರೆ ಸ್ಪಷ್ಟವಾಗಿ ಮೂಡಿ ಕಣ್ಣಿಗೆ ಚುಚ್ಚುತ್ತವೆ. ಅದೇ ಕ್ಯಾಮೆರಾವನ್ನು 30 ಸೆಂ.ಮೀ. ಎತ್ತರಕ್ಕೆ ಇಳಿಸಿ. ಈಗ ಅದೇ ಗೆರೆ ಹಕ್ಕಿಯ ಹಿಂದೆ 30 ಮೀಟರ್ ಹೋಗಿ ನೀರು ಮುಟ್ಟುತ್ತದೆ, ಹಿನ್ನೆಲೆ ಬೆಣ್ಣೆಯಂತೆ ನುಣ್ಣಗಾಗುತ್ತದೆ. ಒಂದು ಗೇಣಿಗೇ ಇಳಿಸಿದರೆ ಗೆರೆ ನೆಟ್ಟಗೆ ಆಚೆ ದಂಡೆಗೆ ಹೋಗುತ್ತದೆ. ದುಬಾರಿ ಲೆನ್ಸ್ ಮಾಡುವ ಕೆಲಸದ ಮುಕ್ಕಾಲು ಪಾಲನ್ನು ಮಂಡಿ ಊರಿ ಮಲಗುವುದರಿಂದಲೇ ಮಾಡಿಸಬಹುದು.

ಎತ್ತರ ನೀರಿನ ಬಣ್ಣವನ್ನೂ ನಿರ್ಧರಿಸುತ್ತದೆ. ಆರು ಮೀಟರ್ ಎತ್ತರದ ಏರಿಯ ಮೇಲಿಂದ ಅದೇ ಹಕ್ಕಿಯನ್ನು ನೋಡಿದರೆ ನಿಶ್ಚಲ ನೀರು ತನ್ನ ಮೇಲೆ ಬಿದ್ದ ಬೆಳಕಿನ ಒಂಬತ್ತನೇ ಒಂದು ಪಾಲನ್ನಷ್ಟೇ ನಮ್ಮತ್ತ ಪ್ರತಿಫಲಿಸುತ್ತದೆ. ಉಳಿದಂತೆ ಕಾಣುವುದು ರಾಡಿಯ, ಪಾಚಿಯ ಬಣ್ಣ. ದಡದಲ್ಲಿ ನಿಂತರೆ ಈ ಪಾಲು ಅರ್ಧಕ್ಕೆ ಏರುತ್ತದೆ. ಮಲಗಿ ನೋಡಿದರೆ ಹತ್ತರಲ್ಲಿ ಒಂಬತ್ತು ಪಾಲು. ಆಗ ನೀರಿಗೆ ತನ್ನದೇ ಬಣ್ಣ ಇರುವುದಿಲ್ಲ, ಆಚೆ ದಂಡೆಯ ಬಣ್ಣವೇ ಅದರದ್ದು. ಆಚೆ ಕಟಾವಾದ ಜೋಳದ ಹೊಲವಿದ್ದು ಅದರ ಮೇಲೆ ಬಿಸಿಲು ಬಿದ್ದಿದ್ದರೆ ನೀರು ಹೊಂಬಣ್ಣ. ಜಾಲಿ ಮರಗಳಿದ್ದರೆ ಕಡುಹಸಿರು. ಮೋಡದ ಆಕಾಶ ಮಾತ್ರವಿದ್ದರೆ ಸಪ್ಪೆ ಬಿಳುಪು. ಹಾಗಾಗಿ ಹಕ್ಕಿ ಎಲ್ಲಿದೆ ಎಂದು ನೋಡುವ ಮೊದಲು ಅದರ ಹಿಂದಿನ ದಂಡೆಯ ಮೇಲೆ ಏನಿದೆ ಎಂದು ನೋಡಬೇಕು. ಸಿದ್ಧೇಶ್ವರ ಕೆರೆಯಂಥ ಕಡೆ ಎರಡು ಹೆಜ್ಜೆ ಅತ್ತ ಸರಿದರೆ ಕೋಟೆಯ ಕಲ್ಲಿನ ಬಣ್ಣ, ಇತ್ತ ಸರಿದರೆ ಯಾವುದೋ ಕಟ್ಟಡದ ಬಣ್ಣ ನೀರಿಗಿಳಿಯುತ್ತದೆ.

ನೀರಿನ ಹೊಳಪು ತೆಗೆಯಲು ಪೋಲರೈಸರ್ ಫಿಲ್ಟರ್ ಕೊಳ್ಳುವವರಿದ್ದಾರೆ. ನೀರಿನ ಮೇಲ್ಮೈಗೆ ಸುಮಾರು 37 ಡಿಗ್ರಿ ಓರೆಯಾಗಿ ನೋಡಿದಾಗಲೇ ಅದರ ಪೂರ್ಣ ಪರಿಣಾಮ. ಮಲಗಿ ತೆಗೆಯುವಾಗ ಆ ಓರೆ ಒಂದೆರಡು ಡಿಗ್ರಿ ಮಾತ್ರ. ಆಗ ಫಿಲ್ಟರಿನಿಂದ ದೊಡ್ಡ ಲಾಭವಿಲ್ಲ, ಒಂದರಿಂದ ಎರಡು ಸ್ಟಾಪ್ ಬೆಳಕು ಮಾತ್ರ ನಷ್ಟ (ಒಂದು ಸ್ಟಾಪ್ ಎಂದರೆ ಬೆಳಕು ಅರ್ಧವಾಗುವುದು ಇಲ್ಲವೇ ಇಮ್ಮಡಿಯಾಗುವುದು). ಬೇಡ.

ಮಲಗುವುದಕ್ಕೂ ಸಿದ್ಧತೆ ಬೇಕು, ನಮ್ಮದು ಎರೆಮಣ್ಣಿನ ಸೀಮೆ. ನೀರು ಇಳಿದ ದಂಡೆಯಲ್ಲಿ ಮೇಲೆ ಬಿರುಕು ಬಿಟ್ಟು ಒಣಗಿದಂತೆ ಕಂಡರೂ ನೀರಿನಂಚಿಗೆ ಹೋಗುತ್ತಿದ್ದಂತೆ ಕಾಲು ಹೂತುಹೋಗುತ್ತದೆ. ಕೋಲು ಚುಚ್ಚಿ ನೋಡಿ. ಕೋಲು ಒಂದು ಗೇಣಿಗಿಂತ ಆಳಕ್ಕೆ ಸಲೀಸಾಗಿ ಇಳಿದರೆ ಅಲ್ಲಿಂದ ಮುಂದೆ ಹೋಗಬೇಡಿ. ಕೆಳಗೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಹಳೆಯ ಸೊಲ್ಲಾಪುರ ಚಾದರ ಹಾಸಿಕೊಂಡರೆ ಮೊಣಕೈಗೂ ಹಿತ. ಚಾದರ ಮಾಸಲು ಬಣ್ಣದ್ದಿರಲಿ. ಕ್ಯಾಮೆರಾಕ್ಕೆ ಟ್ರೈಪಾಡಿಗಿಂತ ಚೀಲವೇ ಮೇಲು. ಹಳೆ ಜೀನ್ಸ್ ಪ್ಯಾಂಟಿನ ಒಂದು ಕಾಲನ್ನು ಒಂದೂವರೆ ಅಡಿ ಕತ್ತರಿಸಿ, ಒಂದು ಬದಿ ಹೊಲಿದು, ಒಂದೂವರೆಯಿಂದ ಎರಡು ಕಿಲೊ ಜೋಳ ತುಂಬಿ ಇನ್ನೊಂದು ಬದಿ ಹೊಲಿಯಿರಿ. ಗಟ್ಟಿ ತುಂಬಬಾರದು, ಲೆನ್ಸ್ ಇಟ್ಟರೆ ಕುಳಿ ಬೀಳುವಷ್ಟು ಸಡಿಲವಿರಬೇಕು.

ಉಜನಿ ಹಿನ್ನೀರಿನಲ್ಲಿ ದೋಣಿಯಿಂದ ತೆಗೆಯುವವರು ಹಲಗೆಯ ಮೇಲೆ ಕೂರದೆ ದೋಣಿಯ ತಳದಲ್ಲಿ ಕೂರಬೇಕು, ಅರ್ಧ ಮೀಟರ್ ಎತ್ತರ ಉಳಿಯುತ್ತದೆ. ಮೋಟಾರು ಓಡುತ್ತಿರುವಾಗ ಲೆನ್ಸನ್ನು ದೋಣಿಯ ಅಂಚಿಗೆ ಊರಬಾರದು, ನಡುಕವೆಲ್ಲ ಚಿತ್ರಕ್ಕೆ ಇಳಿಯುತ್ತದೆ.

ಬಿಸಿಲು, ಗಾಳಿ, ತಿಂಗಳು

ಜನವರಿಯಲ್ಲಿ ಈ ಕಡೆ ಸೂರ್ಯ ಏಳರ ಆಸುಪಾಸಿಗೆ ಹುಟ್ಟುತ್ತಾನೆ, ನೇರ ಪೂರ್ವಕ್ಕಲ್ಲ, ಆಗ್ನೇಯದ ಕಡೆಗೆ ವಾಲಿ. ಆ ತಿಂಗಳುಗಳಲ್ಲಿ ಗಾಳಿಯೂ ಬಹುಮಟ್ಟಿಗೆ ಮೂಡಣದ ಕಡೆಯಿಂದಲೇ. ಬಾತುಗಳು ಏಳುವಾಗಲೂ ಇಳಿಯುವಾಗಲೂ ಗಾಳಿಗೆ ಎದುರಾಗಿರುತ್ತವೆ. ಈ ಎರಡನ್ನೂ ಕೂಡಿಸಿ ನೋಡಿ: ಬೆಳಿಗ್ಗೆ ಕೆರೆಯ ಪೂರ್ವ ದಂಡೆಯಲ್ಲಿ ಬೆನ್ನಿಗೆ ಬಿಸಿಲು, ಬೆನ್ನಿಗೇ ಗಾಳಿ ಇರುವಂತೆ ಮಲಗಿದರೆ ಇಳಿಯುವ ಹಕ್ಕಿ ಮುಖದ ಮೇಲೆ ಬೆಳಕು ಹೊತ್ತು ನಿಮ್ಮ ಕಡೆಗೇ ಬರುತ್ತದೆ. ಪಶ್ಚಿಮ ದಂಡೆಗೆ ಹೋದರೆ ಬೆಳಕು ಎದುರು, ಹಕ್ಕಿಯ ಬೆನ್ನು ಮಾತ್ರ ನಿಮಗೆ. ಸಂಜೆ ಈ ಹೊಂದಾಣಿಕೆ ತಪ್ಪುತ್ತದೆ, ಬಿಸಿಲು ಒಂದು ಕಡೆ, ಗಾಳಿ ಇನ್ನೊಂದು ಕಡೆ. ಹಾಗಾಗಿ ಹಾರುವ ಚಿತ್ರ ಬೆಳಿಗ್ಗೆ, ಈಜುವ ಚಿತ್ರ ಸಂಜೆ ಎಂದು ಹಂಚಿಕೊಳ್ಳುವುದು ಒಳ್ಳೆಯದು.

ಒಂಬತ್ತೂವರೆ ಹತ್ತರ ನಂತರ ಕಾದ ನೆಲದ ಮೇಲೆ ಗಾಳಿ ಕುದಿಯತೊಡಗುತ್ತದೆ, ದೂರದ ಹಕ್ಕಿ ನೀರೊಳಗಿದ್ದಂತೆ ಅಲುಗುತ್ತದೆ. ತುಂಬ ಚಳಿಯ ಮುಂಜಾವಿನಲ್ಲೂ ನೀರು ಗಾಳಿಗಿಂತ ಬೆಚ್ಚಗಿರುವುದರಿಂದ ಇದೇ ತೊಂದರೆ ಬರುತ್ತದೆ. ಗುರುತಿಸುವುದು ಹೀಗೆ: ಅಲುಗದೆ ಕೂತ ಹಕ್ಕಿಯದ್ದು ಒಂದೇ ಸಮ ಹತ್ತು ಚಿತ್ರ ತೆಗೆದು ಹಿಗ್ಗಿಸಿ ನೋಡಿ. ಎಲ್ಲವೂ ಒಂದೇ ರೀತಿ ಮಸುಕಾಗಿದ್ದರೆ ಫೋಕಸ್ ಅಥವಾ ಲೆನ್ಸಿನ ದೋಷವಿರಬಹುದು. ಒಂದು ಸ್ಪಷ್ಟ, ಮುಂದಿನದು ಮಸುಕು, ಕೊಕ್ಕಿನ ಅಂಚು ಒಂದೊಂದರಲ್ಲಿ ಒಂದೊಂದು ಥರ ಡೊಂಕು ಎಂದಾದರೆ ಅದು ಗಾಳಿ. ಯಾವ ತಂತ್ರಾಂಶವೂ ಇದನ್ನು ಸರಿಮಾಡದು. ಹತ್ತಿರದ ಹಕ್ಕಿ ಹುಡುಕಬೇಕು, ಇಲ್ಲವೇ ಮನೆಗೆ ಹೋಗಬೇಕು.

ತಿಂಗಳಿನ ಮಾತು ಹಲವರಿಗೆ ಗೊತ್ತಿರುವುದಿಲ್ಲ. ಅಕ್ಟೋಬರಿನಲ್ಲಿ ಬಂದಿಳಿಯುವ ಗಂಡು ಬಾತುಗಳು ಹೆಣ್ಣಿನಂತೆಯೇ ಕಂದು ಮೈಯಲ್ಲಿರುತ್ತವೆ. ಸೂಜಿಬಾಲದ ಬಾತು, ಶವೆಲರ್‌ಗಳಿಗೆ ಪೂರ್ತಿ ಬಣ್ಣ ಕಾಣಲು ಡಿಸೆಂಬರ್, ಜನವರಿ ಆಗಬೇಕು. ಗಾರ್ಗನಿ ಗಂಡಿನ ಬಿಳಿ ಹುಬ್ಬು ಮೂಡುವುದು ಇನ್ನೂ ತಡ, ಫೆಬ್ರುವರಿ ಮಾರ್ಚ್. ಸಂಕ್ರಾಂತಿಯ ಹೊತ್ತಿಗೆ ನಡೆಯುವ ಸಿದ್ಧೇಶ್ವರನ ಗಡ್ಡಾ ಜಾತ್ರೆ ಮುಗಿದ ನಂತರದ ವಾರಗಳು ಬಣ್ಣದ ಚಿತ್ರಗಳಿಗೆ ಒಳ್ಳೆಯ ಕಾಲ.

ಬೆಳಕಿನ ಅಳತೆ

ಕ್ಯಾಮೆರಾದ ಮೀಟರಿಗೆ ಹಕ್ಕಿ ಗೊತ್ತಿಲ್ಲ, ನೀರೂ ಗೊತ್ತಿಲ್ಲ. ಎದುರಿಗಿರುವುದೆಲ್ಲ ಸೇರಿ ನಡುಬೂದು ಬಣ್ಣ ಬರಬೇಕು ಎಂದಷ್ಟೇ ಅದು ಲೆಕ್ಕ ಹಾಕುತ್ತದೆ. ನಾಮದ ಕೋಳಿ ಚೌಕಟ್ಟು ತುಂಬಿದ್ದರೆ 'ಕತ್ತಲಿದೆ' ಎಂದುಕೊಂಡು ಬೆಳಕು ಹೆಚ್ಚಿಸುತ್ತದೆ. ಮೈ ಬೂದಿಯಾಗಿ ನಾಮ ಸುಟ್ಟುಹೋಗುವುದು ಇದರಿಂದಲೇ. ಅದೇ ಕೋಳಿ ಹೊಳೆಯುವ ನೀರಿನ ನಡುವೆ ಚಿಕ್ಕದಾಗಿದ್ದರೆ 'ಬೆಳಕು ಜಾಸ್ತಿ' ಎಂದು ತಗ್ಗಿಸಿ ಹಕ್ಕಿಯನ್ನು ಇದ್ದಿಲು ಮಾಡುತ್ತದೆ. ಒಂದೇ ಹಕ್ಕಿಗೆ ಒಂದು ಸಲ ಒಂದು ಸ್ಟಾಪ್ ತಗ್ಗಿಸಿ (ಮೈನಸ್ 1), ಇನ್ನೊಂದು ಸಲ ಒಂದು ಸ್ಟಾಪ್ ಹೆಚ್ಚಿಸಿ (ಪ್ಲಸ್ 1) ತೆಗೆಯಬೇಕಾಗುತ್ತದೆ. ಈಜುತ್ತಾ ನೆರಳಿನ ಪ್ರತಿಬಿಂಬದಿಂದ ಆಕಾಶದ ಪ್ರತಿಬಿಂಬಕ್ಕೆ ಅದು ಸರಿದಾಗಲೆಲ್ಲ ಚಕ್ರ ತಿರುಗಿಸುತ್ತ ಕೂರಲಾಗದು.

ಇದರಿಂದ ಪಾರಾಗುವ ದಾರಿ ಎಲ್ಲವನ್ನೂ ನಾವೇ ಹೊಂದಿಸುವ ಮ್ಯಾನ್ಯುಅಲ್ ಮೋಡ್. ಹಕ್ಕಿಯ ಮೇಲೆ ಬೀಳುವ ಬಿಸಿಲು ಹಿಂದಿನ ನೀರು ಬದಲಾದರೂ ಬದಲಾಗುವುದಿಲ್ಲ, ಒಮ್ಮೆ ಹೊಂದಿಸಿದರೆ ಸಾಕು. ನಿಚ್ಚಳ ಬಿಸಿಲಿನಲ್ಲಿ ಎಫ್ 16 (ಎಫ್ ಎಂದರೆ ಲೆನ್ಸಿನ ಕಿಂಡಿಯ ಅಳತೆ, ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು) ಇಟ್ಟರೆ ಶಟರ್ ವೇಗ ಸೆಕೆಂಡಿನಲ್ಲಿ ಐಎಸ್‌ಒ (ಕ್ಯಾಮೆರಾ ಬೆಳಕಿಗೆ ಸ್ಪಂದಿಸುವ ಮಟ್ಟ) ಸಂಖ್ಯೆಯಷ್ಟನೇ ಒಂದು ಪಾಲು ಎಂಬ ಹಳೆಯ ಲೆಕ್ಕ ಇಂದಿಗೂ ಸುಳ್ಳಾಗಿಲ್ಲ. ಅದರಂತೆ ಐಎಸ್‌ಒ 400, ಎಫ್ 8, ಶಟರ್ 1/1600. ಹುಟ್ಟಿ ಗಂಟೆಯಾಗದ ಸೂರ್ಯನಿದ್ದರೆ ಇದಕ್ಕೆ ಒಂದೆರಡು ಸ್ಟಾಪ್ ಸೇರಿಸಿ. ಐಎಸ್‌ಒ ಆಟೊದಲ್ಲಿ ಬಿಟ್ಟರೆ ಮ್ಯಾನ್ಯುಅಲ್ ಎಂಬುದು ಹೆಸರಿಗಷ್ಟೇ, ಮೀಟರು ಹಿಂಬಾಗಿಲಿನಿಂದ ಮತ್ತೆ ಒಳಗೆ ಬಂದಿರುತ್ತದೆ. ಅದನ್ನೂ ಸ್ಥಿರಗೊಳಿಸಿ. ಮೋಡ ಬಂದು ಹೋಗುವ ದಿನ ಮಾತ್ರ ಈ ವಿಧಾನ ಕೈಕೊಡುತ್ತದೆ.

ಮೊದಲ ಚಿತ್ರ ತೆಗೆದ ಕೂಡಲೇ ಹಿಗ್ಗಿಸಿ ನಾಮವನ್ನೇ ನೋಡಿ. ಬಿಳಿ ಸುಟ್ಟ ಕಡೆ ಮಿನುಗುವ ಎಚ್ಚರಿಕೆ ಕ್ಯಾಮೆರಾದಲ್ಲಿರುತ್ತದೆ, ಅದನ್ನು ಚಾಲೂ ಮಾಡಿಕೊಳ್ಳಿ. ನಾಮ ಮಿನುಗಿದರೆ ಮೂರನೇ ಒಂದು ಸ್ಟಾಪಿನಂತೆ ತಗ್ಗಿಸುತ್ತಾ ಹೋಗಿ, ಮಿನುಗು ನಿಂತಲ್ಲಿ ನಿಲ್ಲಿ. ನೀರಿನ ಮೇಲಿನ ಬಿಸಿಲ ಕಿಡಿಗಳು ಮಿನುಗಿದರೆ ಚಿಂತೆಯಿಲ್ಲ, ಅವು ಸೂರ್ಯನ ಪ್ರತಿಬಿಂಬಗಳೇ. ಚಕ್ರವಾಕದ್ದು ಬೇರೆ ಸಮಸ್ಯೆ. ಸಂಜೆಯ ಕೆಂಪು ಬೆಳಕಿನಲ್ಲಿ ಅದರ ಕಿತ್ತಳೆ ಮೈಯ ಕೆಂಪು ಚಾನೆಲ್ ಒಂದೇ ತುಂಬಿ ಸುರಿದುಬಿಡುತ್ತದೆ. ಒಟ್ಟು ಹಿಸ್ಟೋಗ್ರಾಂ (ಬೆಳಕಿನ ಹಂಚಿಕೆ ತೋರಿಸುವ ನಕ್ಷೆ) ಚೆನ್ನಾಗೇ ಕಾಣುತ್ತಿದ್ದರೂ ಗರಿಗಳ ಗೆರೆ ಮಾಯವಾಗಿರುತ್ತದೆ. ಮೂರು ಬಣ್ಣದ ಹಿಸ್ಟೋಗ್ರಾಂ ತೆರೆದು ಕೆಂಪನ್ನು ಪ್ರತ್ಯೇಕ ನೋಡಬೇಕು. ವರಟೆಯ ಕೊಕ್ಕಿನ ಬುಡದ ಕೆಂಪು ಬೊಟ್ಟಿಗೂ ಇದೇ ಮಾತು.

ಕಡಿಮೆ ಬೆಳಕಿನಲ್ಲಿ ಐಎಸ್‌ಒ ಏರಿಸಲು ಹೆದರಿ 400ರಲ್ಲೇ ಕತ್ತಲಾಗಿ ತೆಗೆದು, ಆಮೇಲೆ ಎರಡು ಸ್ಟಾಪ್ ಬೆಳಗಿಸುವುದು ವ್ಯರ್ಥ. ಚಿತ್ರದ ಕಾಳು (ನಾಯ್ಸ್, ಮರಳು ಚೆಲ್ಲಿದಂಥ ಚುಕ್ಕೆಗಳು) ಬರುವುದು ಮುಖ್ಯವಾಗಿ ಬೆಳಕಿನ ಕೊರತೆಯಿಂದ. 1600ರಲ್ಲೇ ಸರಿಯಾಗಿ ತೆಗೆದ ಚಿತ್ರ ಅದಕ್ಕಿಂತ ಕೆಟ್ಟದಾಗಿರುವುದಿಲ್ಲ, ಸಾಮಾನ್ಯವಾಗಿ ಚೆನ್ನಾಗೇ ಇರುತ್ತದೆ.

ಫೋಕಸ್, ವೇಗ ಮತ್ತು ಹಕ್ಕಿಯ ಸುಳಿವು

ಸಾಧಾರಣ ಕ್ರಾಪ್ ಸೆನ್ಸರ್ (ಚಿಕ್ಕ ಸೆನ್ಸರಿನ) ಕ್ಯಾಮೆರಾದಲ್ಲಿ 400 ಮಿ.ಮೀ. ಲೆನ್ಸ್, ಎಫ್ 5.6, ಹದಿನೈದು ಮೀಟರ್ ದೂರ ಎಂದರೆ ಸ್ಪಷ್ಟವಾಗಿ ಬರುವ ಆಳ ಸುಮಾರು 30 ಸೆಂ.ಮೀ. ವರಟೆಯ ಉದ್ದವೇ 60 ಸೆಂ.ಮೀ. ಪಕ್ಕಕ್ಕೆ ಈಜುವಾಗ ಸಾಲುತ್ತದೆ, ಎದುರಿಗೆ ಬರುವಾಗ ಸಾಲದು. ಆಗ ಎಫ್ 8 ಮಾಡಿ, ಕಣ್ಣಿಗೆ ಫೋಕಸ್ ಕೊಟ್ಟು, ಬಾಲ ಮಸುಕಾದರೆ ಆಗಲಿ ಎಂದು ಬಿಡಬೇಕು. ಕ್ಯಾಮೆರಾ ತಾನೇ ಕಣ್ಣು ಹುಡುಕುವಂಥದ್ದಾದರೆ ಸರಿ. ಇಲ್ಲವಾದರೆ ಒಂದೇ ಬಿಂದು ಅಥವಾ ಚಿಕ್ಕ ಗುಂಪಿನ ಫೋಕಸ್ ಬಳಸಿ. ಇಡೀ ಚೌಕಟ್ಟಿಗೆ ಬಿಟ್ಟರೆ ಹಕ್ಕಿಯ ಮುಂದಿನ ಅಲೆಯ ಹೊಳಪಿಗೇ ಅದು ಅಂಟುತ್ತದೆ. ನಾಮದ ಕೋಳಿಯ ಕಪ್ಪು ಎದೆಯ ಮೇಲೆ ಬಿಂದು ಇಟ್ಟರೆ ಹಿಡಿತ ಸಿಗದೆ ಲೆನ್ಸ್ ಹಿಂದೆ ಮುಂದೆ ಓಡುತ್ತದೆ. ಬಿಳಿ ನಾಮ ಕಪ್ಪು ತಲೆಗೆ ಸೇರುವ ಅಂಚಿನಲ್ಲಿಡಿ, ಕಣ್ಣು ಅಲ್ಲೇ ಪಕ್ಕದಲ್ಲಿದೆ.

ಈಜುವ ಹಕ್ಕಿಗೆ 1/800 ಸಾಕು, ರೆಕ್ಕೆ ಬಡಿದರೆ 1/2000, ಏಳುವಾಗ ಇಳಿಯುವಾಗ 1/2500ರ ಮೇಲೆ. ಈ ಗಳಿಗೆಗಳು ಹೇಳದೆ ಬರುವುದಿಲ್ಲ. ಬಾತು ತಲೆಯನ್ನು ಪದೇ ಪದೇ ನೀರಿಗದ್ದಿ ಬೆನ್ನ ಮೇಲೆ ನೀರು ಎರಚಿಕೊಳ್ಳುತ್ತಿದ್ದರೆ ಸ್ನಾನ ಮುಗಿಸಿ ಎದ್ದು ನಿಂತು ರೆಕ್ಕೆ ಕೊಡವುವುದು ಹೆಚ್ಚುಕಡಿಮೆ ಖಚಿತ. ಆಗ ಜೂಮ್ ಸ್ವಲ್ಪ ಹಿಂದಕ್ಕೆಳೆದು ಕಾಯಿರಿ, ಇಲ್ಲದಿದ್ದರೆ ರೆಕ್ಕೆಯ ತುದಿ ಚೌಕಟ್ಟಿನ ಹೊರಗುಳಿಯುತ್ತದೆ. ಗುಂಪು ಗಾಳಿಗೆ ಮುಖ ಮಾಡಿ ಕತ್ತು ನೀಳ ಮಾಡಿ ತಲೆ ಕೊಡವತೊಡಗಿದರೆ ಏಳಲಿವೆ ಎಂದರ್ಥ. ವರಟೆ, ಶವೆಲರ್‌ಗಳು ನೀರಿನಿಂದ ನೆಟ್ಟಗೆ ಮೇಲಕ್ಕೆ ಚಿಮ್ಮುತ್ತವೆ, ಚೌಕಟ್ಟಿನ ಮೇಲ್ಭಾಗದಲ್ಲಿ ಜಾಗ ಬಿಡಿ. ನಾಮದ ಕೋಳಿ ನೀರಿನ ಮೇಲೆ ದಡಬಡ ಓಡಿ ಏಳುತ್ತದೆ, ಮುಂದೆ ಜಾಗ ಬಿಡಿ. ಗುಳುಮುಳುಕ ಮುಳುಗಿದ ಹೊತ್ತಿನಲ್ಲಿ ನೀವು ಸರಿದುಕೊಳ್ಳಬಹುದು, ಅದು ಎದ್ದಾಗ ಅಲುಗಬೇಡಿ.

ಮೇಯುತ್ತಿದ್ದ ಹಕ್ಕಿಗಳೆಲ್ಲ ತಲೆಯೆತ್ತಿ ನಿಂತರೆ ನೀವು ಮಿತಿ ದಾಟಿದ್ದೀರಿ. ಒಂದು ಹೆಜ್ಜೆಯೂ ಮುಂದಿಡದೆ ಹಾಗೇ ಇದ್ದರೆ ಕೆಲ ನಿಮಿಷಗಳಲ್ಲಿ ಮತ್ತೆ ಮೇಯುತ್ತವೆ. ಹಾರುವ ಚಿತ್ರಕ್ಕಾಗಿ ಕಲ್ಲೆಸೆಯುವುದು, ದೋಣಿ ನುಗ್ಗಿಸುವುದು, ಡ್ರೋನ್ ಬಿಡುವುದು ಅನ್ಯಾಯ. ಹಿಮಾಲಯ ದಾಟಿ ಬಂದ ಹೆಬ್ಬಾತು ಮರಳಿ ಹೋಗಲು ಕೂಡಿಡುತ್ತಿರುವ ಕೊಬ್ಬನ್ನು ನಮ್ಮ ಒಂದು ಚಿತ್ರಕ್ಕಾಗಿ ಕರಗಿಸಿದಂತೆ. ಗೂಡಿನ ಹತ್ತಿರ ಹೋಗುವ ಮಾತೇ ಬೇಡ.

ತಿದ್ದುವುದು

ರಾ ಫೈಲಿನಲ್ಲೇ (ಕ್ಯಾಮೆರಾ ತಾನು ತಿದ್ದದೆ ಉಳಿಸುವ ಮೂಲ ಕಡತ) ತೆಗೆಯಿರಿ. ಜೆಪೆಗ್‌ನಲ್ಲಿ ಸುಟ್ಟ ನಾಮ ಸುಟ್ಟದ್ದೇ, ರಾ ಫೈಲಿನಲ್ಲಿ ಸ್ವಲ್ಪವಾದರೂ ಮರಳಿಸಬಹುದು. ದುಡ್ಡು ಕೊಡದೆ ಸಿಗುವ ಡಾರ್ಕ್‌ಟೇಬಲ್, ರಾಥೆರಪಿಗಳೂ ಈ ಕೆಲಸಕ್ಕೆ ಸಾಕು. ಲೈಟ್‌ರೂಮ್ ಇದ್ದವರಿಗೆ ಹಕ್ಕಿಯನ್ನು ತಾನೇ ಗುರುತಿಸಿ ಬೇರ್ಪಡಿಸುವ ಮಾಸ್ಕ್ ಅನುಕೂಲ.

ಮೊದಲು ಚಿತ್ರವನ್ನು ಮಟ್ಟಸ ಮಾಡಿ. ಓರೆ ನೀರು ಕಣ್ಣಿಗೆ ತಕ್ಷಣ ಚುಚ್ಚುತ್ತದೆ. ಆಚೆ ದಂಡೆಯ ಗೆರೆ ನೋಡಿ ಮಟ್ಟ ಮಾಡಿದರೆ ತಪ್ಪಬಹುದು, ದಂಡೆ ಓರೆಯಾಗಿ ದೂರ ಸರಿಯುತ್ತಿದ್ದರೆ ಅದರ ಗೆರೆಯೂ ಓರೆಯಾಗೇ ಕಾಣುತ್ತದೆ. ನಂಬಬೇಕಾದದ್ದು ಪ್ರತಿಬಿಂಬವನ್ನು: ನಿಂತ ನೀರಿನಲ್ಲಿ ಹಕ್ಕಿಯ ಕಣ್ಣು ಮತ್ತು ಅದರ ಬಿಂಬದ ಕಣ್ಣು ಒಂದೇ ಲಂಬರೇಖೆಯಲ್ಲಿರಬೇಕು. ಅಷ್ಟು ತಿರುಗಿಸಿ. ಕತ್ತರಿಸುವಾಗ ಬಿಂಬವನ್ನು ಪೂರ್ತಿ ಉಳಿಸಿ, ಇಲ್ಲವೇ ಎದೆಯ ಕೆಳಗೇ ನಿರ್ಧಾರವಾಗಿ ಕತ್ತರಿಸಿ. ಬಿಂಬದ ಕೊಕ್ಕಿನ ತುದಿಯಷ್ಟೇ ಕಡಿದುಹೋದರೆ ಅದು ತಪ್ಪೆಂದೇ ಕಾಣುತ್ತದೆ. ಎಷ್ಟು ಕತ್ತರಿಸಬಹುದು? 12x8 ಇಂಚಿನ ಒಳ್ಳೆಯ ಮುದ್ರಣಕ್ಕೆ 3600x2400 ಪಿಕ್ಸೆಲ್ ಉಳಿಯಬೇಕು. 24 ಮೆಗಾಪಿಕ್ಸೆಲ್ ಚಿತ್ರದ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು ಅಷ್ಟೇ.

ವೈಟ್ ಬ್ಯಾಲೆನ್ಸ್‌ಗೆ, ಅಂದರೆ ಬಿಳಿಯನ್ನು ಬಿಳಿಯಾಗಿ ಕಾಣಿಸುವ ಬಣ್ಣದ ಹೊಂದಾಣಿಕೆಗೆ, ನೀರಿನ ಮೇಲೆ ಕ್ಲಿಕ್ ಮಾಡಬಾರದು. ಅಲ್ಲಿರುವುದು ಆಕಾಶದ ನೀಲಿ ಅಥವಾ ಹೊಲದ ಹಳದಿ. ತಂತ್ರಾಂಶ ಅದನ್ನು ಬೂದು ಮಾಡಲು ಹೋಗಿ ಹಕ್ಕಿಗೆ ಎದುರು ಬಣ್ಣ ಬಳಿಯುತ್ತದೆ. ಬಿಸಿಲಿನ ಚಿತ್ರಕ್ಕೆ 5200ರಿಂದ 5500 ಕೆಲ್ವಿನ್ ಇಟ್ಟು ಶುರು ಮಾಡಿ, ಬೆಳಗಿನ ಬೆಚ್ಚನೆ ಬಣ್ಣ ಹಾಗೇ ಉಳಿಯಲಿ. ಸೂಜಿಬಾಲದ ಬಾತಿನ ಬಿಳಿ ಎದೆಯ ನೆರಳಿನ ಭಾಗ ನೀಲಿಯಾಗಿ, ಪಾಚಿ ತುಂಬಿದ ಕೆರೆಯಲ್ಲಾದರೆ ಹಸಿರಾಗಿ ಕಾಣಬಹುದು. ಅದು ನೀರು ಎರಚಿದ ನಿಜವಾದ ಬೆಳಕು. ಬ್ರಷ್ ಹಿಡಿದು ಅರ್ಧದಷ್ಟು ತಗ್ಗಿಸಿ, ಪೂರ್ತಿ ಅಳಿಸಿದರೆ ಹಕ್ಕಿ ನೀರಿನ ಮೇಲೆ ಅಂಟಿಸಿದಂತಾಗುತ್ತದೆ.

ಬೆಳಕಿನ ವಿಷಯದಲ್ಲಿ ಬಹುಪಾಲು ಚಿತ್ರ ಕೆಡುವುದು ಕತ್ತಲ ಭಾಗಗಳನ್ನು ಬೆಳಗಿಸುವ ಶ್ಯಾಡೋ ಪಟ್ಟಿಯನ್ನು ಕೊನೆತನಕ ಎಳೆಯುವುದರಿಂದ. ನಾಮದ ಕೋಳಿಯ ತಲೆ ಕಪ್ಪು, ಮೈ ಕಡುಬೂದು. ಈ ಎರಡರ ನಡುವಿನ ವ್ಯತ್ಯಾಸ ಕಂಡರೆ ಸಾಕು. ಶ್ಯಾಡೋ 20, 30ರಷ್ಟು ಮೇಲೆತ್ತಿ, ಹೈಲೈಟ್ 40ರಷ್ಟು ಇಳಿಸಿ, ಬ್ಲ್ಯಾಕ್ಸ್ ಅನ್ನು ಮತ್ತೆ ಕೊಂಚ ಕೆಳಗೆ ತಂದರೆ ತಲೆಗೆ ಕಪ್ಪಿನ ಗಟ್ಟಿತನ ಮರಳುತ್ತದೆ. ಶವೆಲರ್ ಗಂಡಿನ ತಲೆ ಕಪ್ಪಾಗಿ ಬಂದಿದ್ದರೆ ಅದಕ್ಕೆ ಹಸಿರು ತುಂಬಬೇಡಿ. ಆ ಹಸಿರು ಗರಿಯ ರಚನೆಯಿಂದ ಹೊಮ್ಮುವಂಥದ್ದು, ಬೆಳಕು ಸರಿಯಾದ ಕೋನದಲ್ಲಿದ್ದರೆ ಮಾತ್ರ ಕಾಣುತ್ತದೆ. ತುಂಬಿದ ಹಸಿರು ಬಣ್ಣದ ಡಬ್ಬಿಯದ್ದಾಗುತ್ತದೆ.

ಕಾಳು ತೆಗೆಯುವುದು ಮೊದಲು, ಹರಿತ ಮಾಡುವುದು ಕೊನೆಗೆ. ಹಕ್ಕಿಯ ಮೇಲೆ ಕಾಳು ತೆಗೆಯುವ ಪ್ರಮಾಣ ಕಡಿಮೆ ಇಟ್ಟು ನೀರಿನ ಮೇಲೆ ಹೆಚ್ಚಿಸಬಹುದು. ತಾನಾಗಿ ಕಾಳು ತೆಗೆಯುವ ಹೊಸ ಎಐ ಸಲಕರಣೆಗಳು ಸಣ್ಣ ಅಲೆಗಳನ್ನು ಗರಿಯೆಂದು ತಪ್ಪು ತಿಳಿದು ಹುಳು ಹರಿದಂಥ ಗೆರೆಗಳನ್ನು ಮೂಡಿಸುವುದುಂಟು, ನೂರು ಪ್ರತಿಶತಕ್ಕೆ ಹಿಗ್ಗಿಸಿ ನೀರನ್ನೂ ಪರೀಕ್ಷಿಸಿ. ಹರಿತದ ತ್ರಿಜ್ಯ 0.5ರಿಂದ 0.8ರೊಳಗಿರಲಿ. ಅದಕ್ಕಿಂತ ಹೆಚ್ಚಾದರೆ ಕಪ್ಪು ಬೆನ್ನಿನ ಸುತ್ತ ಬಿಳಿ ದಾರ ಸುತ್ತಿದಂತೆ ಕಾಣುತ್ತದೆ. ಲೈಟ್‌ರೂಮಿನಲ್ಲಿ ಆಲ್ಟ್ ಕೀಲಿ ಒತ್ತಿಕೊಂಡು ಮಾಸ್ಕಿಂಗ್ ಪಟ್ಟಿ ಎಳೆದರೆ ಎಲ್ಲೆಲ್ಲಿ ಹರಿತವಾಗುತ್ತದೆ ಎಂಬುದು ಬಿಳಿಯಾಗಿ ಕಾಣುತ್ತದೆ. ನೀರು ಪೂರ್ತಿ ಕಪ್ಪಾಗುವ ತನಕ ಎಳೆಯಿರಿ.

ಕಳಿಸುವಾಗ ಬಣ್ಣದ ಆಯ್ಕೆ ಎಸ್‌ಆರ್‌ಜಿಬಿ ಇರಲಿ, ಅಡೋಬ್ ಆರ್‌ಜಿಬಿ ಬಿಟ್ಟರೆ ಹಲವು ಪರದೆಗಳ ಮೇಲೆ ಬಣ್ಣ ಕಳೆಗುಂದುತ್ತದೆ. ಉದ್ದನೆ ಬದಿ 2048 ಪಿಕ್ಸೆಲ್, ಗುಣಮಟ್ಟ 85ರಿಂದ 90. ವಾಟ್ಸ್ಆ್ಯಪಿನಲ್ಲಿ ಫೋಟೊ ಎಂದು ಕಳಿಸಿದರೆ ಅದು ಮತ್ತೆ ಹಿಂಡುತ್ತದೆ, ನೀರಿನ ನಯವಾದ ಹಿನ್ನೆಲೆಯಲ್ಲಿ ಚೌಕ ಚೌಕ ಮೂಡುವುದು ಅದರಿಂದ. ಡಾಕ್ಯುಮೆಂಟ್ ಎಂದು ಕಳಿಸಿ.

ಗೋಡೆಗೆ ಹಾಕುವ ಚಿತ್ರದಲ್ಲಿ ತೇಲುವ ಕಡ್ಡಿ, ಪ್ಲಾಸ್ಟಿಕ್ ಅಳಿಸಿದರೆ ತಕರಾರಿಲ್ಲ. ಯಾವ ಹಕ್ಕಿ ಎಂದು ಗುರುತು ಹಿಡಿಸಲು ಕೊಡುವ ಚಿತ್ರದಲ್ಲಿ ಏನನ್ನೂ ಅಳಿಸಬೇಡಿ, ಬಾಲವನ್ನೂ ಕತ್ತರಿಸಬೇಡಿ. ಹೆಣ್ಣು ಗಾರ್ಗನಿಯನ್ನೂ ಹೆಣ್ಣು ಟೀಲ್ ಬಾತನ್ನೂ ಬೇರ್ಪಡಿಸುವುದು ಮುಖದ ಪಟ್ಟೆ, ಕೊಕ್ಕಿನ ಬುಡದ ಮಾಸಲು ಬಿಳಿ ಮಚ್ಚೆ, ರೆಕ್ಕೆಯ ಮೇಲಿನ ಹೊಳೆಯುವ ಹಸಿರು ಪಟ್ಟಿ, ಬಾಲದ ಬದಿಯ ತೆಳು ಬಿಳಿ ಗೆರೆಗಳು. ಸ್ಯಾಚುರೇಶನ್ ಏರಿಸಿ, ಅಂದಕ್ಕೆಂದು ಹಿಂಬದಿ ಕತ್ತರಿಸಿ ಕೊಟ್ಟರೆ ಅರ್ಧ ಸಾಕ್ಷ್ಯ ಹೋದಂತೆ. ಅದಕ್ಕೇ ತಿದ್ದಿದ ಚಿತ್ರದ ಜೊತೆಗೆ ಮೂಲ ರಾ ಫೈಲನ್ನು, ದಿನಾಂಕ ಮತ್ತು ಕೆರೆಯ ಹೆಸರು ಬರೆದು, ಬೇರೊಂದು ಡಿಸ್ಕಿನಲ್ಲಿ ಇಟ್ಟಿರಬೇಕು.